ಟೇಪಿನ ಇನ್ನೊಂದು ತುದಿ

ಭಾವನ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೊನೆಯ ತಿರುಪು ಬಿಗಿಯುತ್ತಿದ್ದ ಅವಳ ತಮ್ಮ ತಲೆಯೆತ್ತಿದ.

"ವ್ಯಾನು ಬೀದಿ ಮೂಲೇಲೇ ನಿಂತ್ಬಿಟ್ಟಿದೆ ಅಕ್ಕ. ಮನೆ ಮುಂದೆ ಚರಂಡಿಗೆ ಅಗೆದು ಹಾಕಿದಾರಲ್ಲ, ಭಾವನ ತೆರಿಗೆ ದುಡ್ಡಿನ ಕೆಲಸ. ಅಲ್ಲೀತನಕ ಹೊತ್ಕೊಂಡೇ ಹೋಗ್ಬೇಕು. ಆರು ಜನ ಬೇಕು. ಇರೋದು ನಾನು, ಆಫೀಸಿನ ಜವಾನ."

"ಮತ್ತೆ?"

"ಮತ್ತೇನು, ಬೀದಿಯವರನ್ನ ಕೇಳ್ಬೇಕು."

ಅವಳು ಕಿಟಕಿಯಿಂದ ನೋಡಿದಳು. ಬೀದಿಯುದ್ದಕ್ಕೂ ಬಾಗಿಲು ಹಾಕಿತ್ತು. ಬೆಳಗಿನಿಂದ ಬಂದವರು ಇಬ್ಬರೇ ಹೆಂಗಸರು. ಅವರೂ ಬಾಡಿಗೆಯವರು, ತೆರಿಗೆ ಕಟ್ಟುವವರಲ್ಲ.

"ಕೇಳ್ಬೇಡ," ಎಂದಳು. "ಆಗಲ್ಲ ಅನ್ನಿಸ್ಕೊಂಡು ನಾನು ಇದೇ ಬೀದೀಲಿ ಇರ್ಬೇಕು. ನೀನು ಸಂಜೆ ಹೊರಟುಹೋಗ್ತೀಯ."

*

ರಸ್ತೆಗೆ, ನೀರಿಗೆ, ದೀಪಕ್ಕೆ ಹಣ ಸಾಲದೆ ಪುರಸಭೆ ಹೋದ ವರ್ಷ ಹೊಸ ತೆರಿಗೆ ಹುಡುಕಿತ್ತು: ಸೂರು ಇರುವ ಜಾಗಕ್ಕೆಲ್ಲ, ಅಡಿ ಲೆಕ್ಕದಲ್ಲಿ. ಅಳೆಯುವ ಕೆಲಸ ಅವಳ ಗಂಡನದು. ಬೀದಿ ಅವರಿಗೆ 'ಇಂಚುಪಟ್ಟಿ' ಎಂದು ಹೆಸರಿಟ್ಟಿತು. ಸಹಾಯಕರನ್ನು ಕೊಟ್ಟಿರಲಿಲ್ಲವಾದ್ದರಿಂದ ಉಕ್ಕಿನ ಟೇಪಿನ ತುದಿಯನ್ನು ಆಯಾ ಮನೆಯ ಹೆಂಗಸಿನ ಕೈಗೇ ಕೊಡುತ್ತಿದ್ದರು.

ಮೊದಲು ಅಳೆದದ್ದು ತಮ್ಮದೇ ಮನೆಯನ್ನು. ವರಾಂಡಕ್ಕೆ ಗೋಡೆ ಕಟ್ಟಿಸಿ ಅವಳು ಆಸೆಪಟ್ಟು ಮಾಡಿಕೊಂಡ ಪುಟ್ಟ ಕೋಣೆ. ಒಂದು ಕುರ್ಚಿ, ಒಂದು ಕಿಟಕಿ, ಮಧ್ಯಾಹ್ನ ಯಾರೂ ಕರೆಯದ ಒಂದು ಗಂಟೆ. ಅವಳು ತುದಿಯನ್ನು ಗೋಡೆಯಿಂದ ಎರಡು ಬೆರಳು ಈಚೆ ಹಿಡಿದಿದ್ದಳು.

"ಗೋಡೆಗೆ ತಾಗಿಸು," ಎಂದರು.

"ಎರಡು ಬೆರಳು ಕಮ್ಮಿಯಾದ್ರೆ ನಿಮ್ಮ ರಸ್ತೆ ನಿಂತುಹೋಗುತ್ತಾ?"

ಅವರು ಟೇಪು ಹಿಡಿದೇ ಕಾದರು. ಅವಳು ತಾಗಿಸಿದಳು. ಆಮೇಲೆ ಮೂರು ತಿಂಗಳು, ಊಟಕ್ಕೆ ಕರೆಯುವುದೊಂದು ಬಿಟ್ಟು, ತುಟಿ ಬಿಚ್ಚಲಿಲ್ಲ.

*

ಬಾಗಿಲ ಸದ್ದಾಯಿತು. ಪಕ್ಕದ ಮನೆಯ ಟೈಲರಮ್ಮ. ತೆರಿಗೆ ನೋಟಿಸು ಬಂದ ದಿನದಿಂದ ಈ ಹೊಸ್ತಿಲು ತುಳಿದವಳಲ್ಲ. ಪೆಟ್ಟಿಗೆಗೆ ಕೈಮುಗಿದಳು.

"ಅವರ ಟೇಪ್ ಎಲ್ಲಿದೆ ಅಕ್ಕ?"

"ಯಾಕೆ?"

"ಚರಂಡಿ ಹಳ್ಳದ ಮೇಲೆ ಹಾಕಿರೋ ಹಲಗೆ ಒಬ್ಬರ ಕಾಲಿಗೇ ಸಾಲಲ್ಲ. ನಾನು ಬಟ್ಟೆ ಕತ್ತರಿಸೋ ಮೇಜಿದೆಯಲ್ಲ, ಅದರ ಹಲಗೆ ಬಿಚ್ಚಿ ಹಾಕ್ಬಹುದು. ಅಗಲ ನೋಡ್ಬೇಕು. ನನ್ನ ಟೇಪು ಜನರ ಸೊಂಟಕ್ಕೆ ಸರಿ, ಪುರಸಭೆ ಹಳ್ಳಕ್ಕೆ ಎಟುಕಲ್ಲ."

ತಮ್ಮನಿಗೆ ನಗು ಬಂತು; ಕೆಮ್ಮಿದ.

ಟೇಪು ಪುಟ್ಟ ಕೋಣೆಯ ಕಿಟಕಿಯ ಮೇಲಿತ್ತು. ತಂದುಕೊಟ್ಟಳು. ಟೈಲರಮ್ಮ ಅದನ್ನು ಕೈಯಲ್ಲಿ ತಿರುಗಿಸಿದಳು.

"ನಮ್ಮನೇಲಿ ನಾನೂ ಎರಡು ಬೆರಳು ಈಚೆ ಹಿಡಿದಿದ್ದೆ. 'ನಮ್ಮನೆಯವಳೂ ಹೀಗೇ ಹಿಡಿದ್ಲು' ಅಂದು ಸುಮ್ನೆ ನಿಂತ್ಕೊಂಡ್ರು. ಎಷ್ಟೊತ್ತು ಅಂತ ನಿಲ್ಲಿಸ್ಕೊಳ್ಳೋದು? ತಾಗಿಸ್ದೆ. ಬಾಯಿಗೆ ಬಂದಂಗೆ ಬೈದೆ."

"ಅವರೇನಂದ್ರು?"

"ಬರ್ಕೊಂಡ್ರು."

ತನ್ನ ವಿಷಯವನ್ನು ಅವರು ಹೊರಗೆ ಆಡಿದ್ದರೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ.

ಇಬ್ಬರೂ ಹೊರಗೆ ಬಂದರು. ಟೈಲರಮ್ಮ ತೂಗುವ ಹಲಗೆಯ ಮೇಲೆ ಆಚೆ ದಾಟಿದಳು. ಅವಳು ಈಚೆ ಮಂಡಿಯೂರಿ ತುದಿ ಹಿಡಿದಳು. ನಡುವೆ ಟೇಪು ಬಿಗಿಯಾಯಿತು.

"ಆರೂವರೆ ಅಡಿ. ಮೇಜು ಎಂಟಿದೆ," ಎಂದಳು ಟೈಲರಮ್ಮ. ಆಮೇಲೆ ತನ್ನ ಮನೆಯತ್ತ ತಿರುಗಿ ಬೀದಿಗೆಲ್ಲ ಕೇಳುವ ಹಾಗೆ ದನಿಯೆತ್ತಿದಳು: "ರೀ, ಮೇಜು ಬಿಚ್ಚಿ. ಬೇಕರಿಯವರನ್ನೂ ಕರೀರಿ. ಬಾಗಿಲ ಸಂದೀಲಿ ನೋಡಿದ್ದು ಸಾಕು. ಇಂಚುಪಟ್ಟಿ ಏನು ತಾನೇ ನಡ್ಕೊಂಡು ಹೋಗ್ತಾರಾ?"

ಒಂದು ಬಾಗಿಲು ತೆರೆಯಿತು. ಆಮೇಲೆ ಎದುರಿನದು. ಗಂಡಸರು ಒಬ್ಬೊಬ್ಬರಾಗಿ, ಯಾರ ಮುಖವನ್ನೂ ನೋಡದೆ, ಅಂಗಿ ತೋಳು ಮಡಚಿಕೊಳ್ಳುತ್ತ ಇಳಿದರು. ಅರ್ಧ ಅಂಗಿಯ ಸೀಮೆಸುಣ್ಣದ ಗೆರೆ ಇನ್ನೂ ಉಳಿದಿದ್ದ ಮೇಜಿನ ಹಲಗೆ ಹೆಗಲ ಮೇಲೆ ಬಂತು.

"ಬಿಡಿ ಅಕ್ಕ, ಅಳತೆ ಆಯ್ತು," ಎಂದಳು ಟೈಲರಮ್ಮ.

ಅವಳು ಬಿಡಲಿಲ್ಲ. ಹಳ್ಳದ ಅಂಚಿಗೆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಇದ್ದಳು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ.