ಡ್ರಮ್ ಇಲ್ಲದ ಚರಣ

"ಮೂರನೇ ಚರಣದಲ್ಲಿ ಡ್ರಮ್ ಬಾರಿಸ್ತಾ ಇರೋದು ಯಾರು?" ಎಂದು ಬಂದವನು ಬಾಗಿಲಲ್ಲಿ ನಿಂತೇ ಕೇಳಿದ.

ಕಂಬ ಎಂಬವನು ತನ್ನ ಹಲ್ಲು ಕಟ್ಟುವ ಅಂಗಡಿಯಲ್ಲಿ ಮೇಣದ ದವಡೆಗೆ ಹಲ್ಲು ಕೂರಿಸುತ್ತಿದ್ದ. ಮೇಲಿನ ಸಾಲಿನ ಮುಂದಿನ ಹಲ್ಲು. ಒಂದು ಕೂದಲೆಳೆಯಷ್ಟು ಓರೆಯಾದರೂ ಸೋಮವಾರ ಯಾವಳೋ ಅಜ್ಜಿಯ ನಗು ಕೆಟ್ಟಂತೆಯೇ. ಕೈ ಅಲುಗಿಸದೆ ಕಣ್ಣು ಮಾತ್ರ ಎತ್ತಿ, "ಯಾವ ಹಾಡಿಂದು?" ಎಂದ.

"'ಹೋಗು' ಅನ್ನೋ ಹಾಡು. ಇಪ್ಪತ್ತೆಂಟು ವರ್ಷದ ಹಿಂದೆ ಟೌನ್‌ಹಾಲಿನಲ್ಲಿ ಆಗಿದ್ದು. ರೆಕಾರ್ಡ್ ಮಾಡಿದ್ದು ಕಂಬ ಅಂತ ಅದರ ಕೆಳಗೆ ಬರೆದಿದೆ. ನೀವೇ ಅಲ್ವಾ?"

"ನಾನೇ. ಬಾರಿಸಿದ್ದು ಅವರ ಡ್ರಮ್ಮರ್ರು. ಹಾಡಿದವಳ ತಮ್ಮ."

"ಆ ತಮ್ಮ ನಾನು," ಎಂದ ಅವನು. "ಮೂರನೇ ಚರಣದ ಹೊತ್ತಿಗೆ ನಾನು ಹಿಂದಿನ ಬಾಗಿಲಿಂದ ಆಚೆ ಬಂದು ಬಸ್‌ಸ್ಟ್ಯಾಂಡಿನ ಕಡೆ ಹೋಗ್ತಾ ಇದ್ದೆ."

ಹಲ್ಲು ಓರೆಯಾಯಿತು.

ಕಂಬ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ರಾಕ್ ಕಾರ್ಯಕ್ರಮಗಳಿಗೆ ಹೋಗಿ, ಜನರ ನಡುವೆ ನಿಂತು, ಸದ್ದಿಲ್ಲದೆ ರೆಕಾರ್ಡ್ ಮಾಡಿಕೊಂಡು ಬರುವ ಹುಚ್ಚರ ಗುಂಪೊಂದಿದೆ. ಒಬ್ಬರ ಕ್ಯಾಸೆಟ್ಟಿಗೆ ಇನ್ನೊಬ್ಬರ ಕ್ಯಾಸೆಟ್ಟು ಅದಲುಬದಲು, ಅಷ್ಟೇ. ಮಾರುವುದೆಂದರೆ ಅವರಲ್ಲಿ ಮಹಾಪಾಪ. ಆ ಗುಂಪು ಕೊಟ್ಟ ಹೆಸರು ಅದು. ಟೋಪಿಯ ಎರಡು ಬದಿಗೂ ಕಡಲೆಕಾಳಿನಷ್ಟು ಮೈಕುಗಳನ್ನು ಹೊಲಿದುಕೊಂಡು, ಹೊಟ್ಟೆಗೆ ಯಂತ್ರ ಕಟ್ಟಿಕೊಂಡು ನಿಂತನೆಂದರೆ, ಎರಡು ಗಂಟೆ ಹೊತ್ತು ಪುಣ್ಯಾತ್ಮ ಕತ್ತು ಹೊರಳಿಸುತ್ತಿರಲಿಲ್ಲ. ಚಪ್ಪಾಳೆಯಿಲ್ಲ, ಸಿಳ್ಳೆಯಿಲ್ಲ. ಸುತ್ತ ಇಡೀ ಸಭಾಂಗಣ ಕುಣಿಯುತ್ತಿದ್ದರೂ ಇವನೊಬ್ಬ ಬ್ಯಾಂಕಿನ ಸಾಲಿನಲ್ಲಿ ನಿಂತವನ ಹಾಗೆ ನಿಂತಿರುತ್ತಿದ್ದ. ಕಂಬನ ಟೇಪ್ ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂದು ಆ ಜನ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆಯೂ ಅವನು ಇದೇ ಮಾತನ್ನು ನಾಲ್ಕೈದು ಸಲ ಹೇಳಿ ಬೈಸಿಕೊಂಡಿದ್ದ.

ಅಂಥ ಕಂಬ ಈಗ ಸ್ಟೂಲು ಎಳೆದುಕೊಟ್ಟು, "ಕೂತ್ಕೊಳ್ಳಿ" ಎಂದ.

ಡ್ರಮ್ಮರ್ ಕೂತ. ಲಿಫ್ಟ್ ರಿಪೇರಿಯ ಕಂಪನಿಯ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು. ಕೂತವನೇ ಎದುರಿಗಿದ್ದ ಪ್ಲಾಸ್ಟರಿನ ದವಡೆಗಳ ಸಾಲನ್ನು ನೋಡುತ್ತಾ ಹೇಳತೊಡಗಿದ.

"ನನಗೆ ಲಿಫ್ಟ್ ಕಂಪನೀಲಿ ಕೆಲಸ ಸಿಕ್ಕಿತ್ತು. ಬ್ಯಾಂಡ್ ಬಿಡ್ತೀನಿ ಅಂದೆ. ಮನೇಲಿ ರಂಪ ಆಯ್ತು. ಅಕ್ಕ ಮಾತು ಬಿಟ್ಟಳು. ಕೊನೇ ಕಾರ್ಯಕ್ರಮದ ದಿನ ಹೊಸ ಹಾಡು ಅಂತ ಹಿಡ್ಕೊಂಡು ಬಂದಳು, ಪ್ರಾಕ್ಟೀಸೂ ಇಲ್ಲ, ಏನಿಲ್ಲ. ಸುಮ್ನೆ ತಾಳ ಹಿಡಿ ಅಂದಳು. ಹಿಡಿದೆ. ಮೊದಲ್ನೇ ಚರಣ, ಹೋಗು. ಎರಡನೇ ಚರಣ, ಹೋಗು. ಅಷ್ಟು ಜನದ ಎದುರಿಗೆ ಸ್ವಂತ ತಮ್ಮನಿಗೆ! ಕೋಲು ಅಲ್ಲೇ ಇಟ್ಟು ಎದ್ದು ಬಂದೆ. ಅಲ್ಲಿಗೆ ಮುಗೀತು. ಅವಳೂ ಫೋನ್ ಮಾಡ್ಲಿಲ್ಲ, ನಾನೂ ಮಾಡ್ಲಿಲ್ಲ."

"ಇಷ್ಟು ವರ್ಷ ಆದ್ಮೇಲೆ…"

"ಹೋದ ತಿಂಗಳು ಮಗಳು ಎಲ್ಲಿಂದಲೋ ಹುಡುಕಿ ಫೋನಲ್ಲಿ ಹಾಕಿದಳು. ಅಪ್ಪಾ, ನೀನು ಚೆನ್ನಾಗಿ ಬಾರಿಸ್ತೀಯ ಅಂದಳು. ಕೇಳ್ತಾ ಕೇಳ್ತಾ ಮೂರನೇ ಚರಣದಲ್ಲೂ ಅದೇ ಹೋಗು, ನನ್ನ ಡ್ರಮ್ಮೇ! ನನ್ನದೇ ಕೈ, ನನಗೆ ಗೊತ್ತಾಗಲ್ವಾ? ಅದಕ್ಕೇ ಬಂದೆ. ನಾನು ಎದ್ದು ಹೋದ್ಮೇಲೆ ಅವಳು ನಿಜವಾಗಿ ಏನು ಹಾಡಿದಳು? ನನಗೆ ಬೇರೆ ಏನೂ ಬೇಡ, ಅದೊಂದು ಗೊತ್ತಾಗಬೇಕು."

"ಅವರನ್ನೇ ಕೇಳಬಹುದಲ್ಲ?"

"ಏನಂತ ಕೇಳ್ಲಿ? ನಂಬರ್ ಇದೆ, ಹೆಂಡತಿ ಹಾಕಿಕೊಟ್ಟಿದ್ದಾಳೆ. ಎರಡು ವರ್ಷದಿಂದ ಅದನ್ನ ನೋಡ್ತಾ ಇದ್ದೀನಿ. ಫೋನ್ ಎತ್ತಿದ್ರೆ ಮೊದಲ ಮಾತು ಏನು? ಅದು ಸಿಕ್ತಾ ಇಲ್ಲ." ಅವನು ತಲೆ ಎತ್ತಿದ. "ಮನುಷ್ಯರನ್ನ ಕೇಳಿದ್ರೆ ಆಮೇಲೆ ತಿದ್ದಿ ಹೇಳ್ತಾರೆ. ಮೂಲ ಟೇಪು ಸುಳ್ಳು ಹೇಳಲ್ವಲ್ಲ."

ಈ ಮಾತು ಕಂಬನಿಗೆ ಚುರುಕ್ ಅಂದಿತು. ಆದರೂ ಇಪ್ಪತ್ತೆಂಟು ವರ್ಷದ ಹೆಸರು, ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಮನಸ್ಸು ಬರುತ್ತದೆಯೇ? "ಬೇರೆ ಯಾರೋ ಕೂತು ಬಾರಿಸಿರಬೇಕು," ಎಂದುಬಿಟ್ಟ. "ಗಿಟಾರಿನವನಿಗೂ ಸ್ವಲ್ಪ ಬರ್ತಿತ್ತೇನೋ."

"ಹಾಗಾದ್ರೆ ಮೂರನೇ ಸಲವೂ ಹೋಗು ಅಂತಲೇ ಅಂದಿದ್ದಾಳೆ. ಸರಿ ಬಿಡಿ," ಎಂದು ಡ್ರಮ್ಮರ್ ಎದ್ದ. ಸ್ಟೂಲನ್ನು ಮೇಜಿನ ಕೆಳಗೆ ನೀಟಾಗಿ ತಳ್ಳಿದ. ಅವನ ಕೈ ಬಾಗಿಲ ಹಿಡಿಗೆ ಹೋಗುವಷ್ಟರಲ್ಲಿ ಕಂಬನೇ ಕೂಗಿದ:

"ನಿಲ್ಲಿ! ಅದು ಕಟ್ಟಿಸಿದ ಹಲ್ಲು ಕಣ್ರೀ!"

ಆಮೇಲೆ ಎಲ್ಲ ಹೊರಗೆ ಬಂತು. ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ. ಎರಡನೇ ಚರಣ ಮುಗಿಯುತ್ತಲೇ ಆ ಬದಿ ಮುಗಿದಿತ್ತು. ತಿರುಗಿಸಿ ಹಾಕುವುದಕ್ಕೆ ಅವನಿಗೆ ಐದು ಸೆಕೆಂಡು ಸಾಕು, ಕತ್ತಲಲ್ಲೂ ಮಾಡುತ್ತಿದ್ದ. ಅವತ್ತು ಕೈ ಬೆವೆತಿತ್ತು, ಕ್ಯಾಸೆಟ್ಟು ಜಾರಿ ಬಿತ್ತು, ಯಾರದೋ ಬೂಟು ಅದನ್ನು ಒದ್ದುಕೊಂಡು ಹೋಯಿತು. ಕಂಬ ಆ ರಾತ್ರಿ ಮೊದಲ ಸಲ ಬಗ್ಗಿದ್ದು. ಜನರ ಕಾಲುಗಳ ನಡುವೆ ತಡಕಾಡಿ ಹುಡುಕಿ, ಎದ್ದು, ಹಾಕಿಕೊಳ್ಳುವಷ್ಟರಲ್ಲಿ ಚಪ್ಪಾಳೆ ಬೀಳುತ್ತಿತ್ತು. ವೇದಿಕೆಯಲ್ಲಿ ಡ್ರಮ್ಮಿನ ಹಿಂದೆ ಯಾರೂ ಇಲ್ಲ ಎನ್ನುವುದನ್ನೂ ಅವನು ನೋಡಲಿಲ್ಲ. ಮನೆಗೆ ಬಂದವನು ಮೊದಲನೇ ಚರಣವನ್ನೇ ಎತ್ತಿ ಆ ಜಾಗಕ್ಕೆ ಕೂರಿಸಿದ. ಅಂಟು ಗೊತ್ತಾಗದ ಹಾಗೆ, ಒಸಡಿಗೆ ಹಲ್ಲು ಕೂರಿಸುವ ಹಾಗೆಯೇ. ಒಂದು ಹಾಡಿಗೋಸ್ಕರ ಇಡೀ ಟೇಪು ಊನ ಅನ್ನಿಸಿಕೊಳ್ಳುವುದು ಬೇಡ ಎಂದು. ಅಲ್ಲಿದ್ದ ಇನ್ನೂರು ಜನಕ್ಕೂ ಕೊನೆಗೆ ನೆನಪಿನಲ್ಲಿ ಉಳಿದದ್ದು ಟೇಪು ಹೇಳಿದ್ದೇ.

"ನೀವು ಅಲ್ಲೇ ಇದ್ರಲ್ಲ," ಎಂದ ಡ್ರಮ್ಮರ್. "ಟೇಪ್ ಇಲ್ದಿದ್ರೆ ಏನಾಯ್ತು, ಕಿವಿ ಇತ್ತಲ್ಲ. ಏನು ಹಾಡಿದಳು?"

ಕಂಬ ತಲೆ ತಗ್ಗಿಸಿದ. "ಕ್ಯಾಸೆಟ್ ಹುಡುಕ್ತಾ ಇದ್ದೆ ಕಣ್ರೀ. ಕಿವಿಗೆ ಬಿತ್ತು. ಕೇಳಿಸ್ಕೊಳ್ಳಲಿಲ್ಲ."

ಡ್ರಮ್ಮರ್ ಬಯ್ಯುತ್ತಾನೆ ಎಂದು ಕಂಬ ಅಂದುಕೊಂಡಿದ್ದ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಸುಮ್ಮನೆ ಮುಖ ಒರೆಸಿಕೊಂಡ.

"ಅವತ್ತು ಇನ್ನೊಬ್ಬರು ರೆಕಾರ್ಡ್ ಮಾಡಿದ್ರು," ಎಂದ ಕಂಬ ಕೊನೆಗೆ. "ನನ್ನ ಮುಖ ಕಂಡ್ರೆ ಬಾಗಿಲು ಹಾಕ್ಕೊಂಡ್ರೂ ತಪ್ಪೇನಿಲ್ಲ. ಆದ್ರೂ ಹೋಗೋಣ, ಬನ್ನಿ."

ಆ ಇನ್ನೊಬ್ಬರಿಗೆ ಗುಂಪು ಇಟ್ಟ ಹೆಸರು ಕೆಮ್ಮಕ್ಕ. ನೂಲಿನ ಗಿರಣಿಯಲ್ಲಿ ಕೆಲಸ, ಹತ್ತಿಯ ಧೂಳು ಎದೆಯಲ್ಲಿ ಮನೆಮಾಡಿತ್ತು. ಪಾಪ, ಎಷ್ಟು ತಡೆದರೂ ಪ್ರತಿ ಟೇಪಿನಲ್ಲೂ ನಾಲ್ಕು ಕೆಮ್ಮಾದರೂ ಇರುತ್ತಿದ್ದವು. ಆಗೆಲ್ಲ ಯಾರ ಬಳಿ ಯಾವ ಟೇಪಿದೆ ಎಂಬ ಪಟ್ಟಿಯನ್ನು ಟೈಪ್ ಮಾಡಿ ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತಿದ್ದದ್ದು ಕಂಬನೇ. ಅವಳ ಹೆಸರಿನ ಮುಂದೆ ಅವನು ಒಮ್ಮೆ ಬರೆದಿದ್ದ: 'ಹಾಡು ಸುಮಾರು. ಕೆಮ್ಮು ಸ್ಪಷ್ಟ.' ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅದಾದ ಮೇಲೆ ಅವಳಿಂದ ಯಾರಿಗೂ ಟೇಪು ಬರಲಿಲ್ಲ.

ಮುಚ್ಚಿದ ಗಿರಣಿಯ ಹಿಂದಿನ ಓಣಿ, ಒಂದೇ ಅಳತೆಯ ಮನೆಗಳು. ಮೂರನೇ ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಕೆಮ್ಮು ಕೇಳಿತು. ಕಂಬನಿಗೆ ಗುರುತು ಹತ್ತಿತು. ಅದು ಹದಿನೇಳು ಟೇಪುಗಳಲ್ಲಿ ಕೇಳಿದ ಕೆಮ್ಮು.

ಬಾಗಿಲು ತೆರೆದ ಹೆಂಗಸಿನ ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕ ಹಣೆಗೇರಿಸಿ ಕಂಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓಹೋ! ಹಾಡು ಸುಮಾರು, ಕೆಮ್ಮು ಸ್ಪಷ್ಟ. ಏನಪ್ಪಾ, ಕಂಬಕ್ಕೆ ಕಾಲು ಬಂತಾ?"

"ತಪ್ಪಾಯ್ತಕ್ಕಾ," ಎಂದ ಕಂಬ. ಇಷ್ಟು ಚಿಕ್ಕ ಮಾತು, ಇಷ್ಟು ವರ್ಷ ಎಲ್ಲಿ ಸಿಕ್ಕಿಕೊಂಡಿತ್ತೋ.

"ಒಳಗೆ ಬಾ. ಇವರನ್ನ ಎಲ್ಲೋ ನೋಡಿದ್ದೀನಲ್ಲ." ಡ್ರಮ್ಮರ್ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: "ಕೋಲು ಇಟ್ಟು ಎದ್ದು ಹೋದವನು! ಬಂದ್ಯಾ? ನೀನು ಯಾವತ್ತಾದ್ರೂ ಬರ್ತೀಯ ಅಂದ್ಕೊಂಡಿದ್ದೆ. ಇಷ್ಟು ತಡ ಮಾಡ್ತೀಯ ಅಂದ್ಕೊಂಡಿರಲಿಲ್ಲ."

ಬಟ್ಟೆಯ ಬೀರುವಿನ ಕೆಳಗಿನ ಗೂಡಿನಲ್ಲಿ ಕ್ಯಾಸೆಟ್ಟುಗಳು ಬೂಟಿನ ಡಬ್ಬಿಗಳಲ್ಲಿದ್ದವು, ಎಲ್ಲದರ ಮೇಲೂ ದುಂಡಗಿನ ಅಕ್ಷರದಲ್ಲಿ ತಾರೀಖು. ಅವಳು ನೆಲದ ಮೇಲೆ ಕೂತು ಹುಡುಕುತ್ತಾ ಹೇಳಿದಳು, "ಅವತ್ತು ಶಿಫ್ಟ್ ಮುಗಿಸಿ ಅರ್ಧ ಗಂಟೆ ತಡವಾಗಿ ಬಂದಿದ್ದೆ. ಅದಕ್ಕೇ ಕಂಬನ ಟೇಪ್ ಮುಗಿದಾಗ ನಂದು ಇನ್ನೂ ಓಡ್ತಾ ಇತ್ತು."

ಕಂಬನಿಗೆ ಒಮ್ಮೆಲೇ ಹೊಳೆಯಿತು. "ಅಂದ್ರೆ ನಾನು ಅಂಟು ಹಾಕಿದ್ದು ನಿಮಗೆ ಗೊತ್ತಿತ್ತು."

"ಮೊದಲನೇ ಸಲ ಕೇಳಿದಾಗಲೇ."

"ಮತ್ತೆ ಯಾರಿಗೂ ಹೇಳಲಿಲ್ವಲ್ಲಕ್ಕಾ! ನಾನು ನಿಮಗೆ ಅಷ್ಟು ಅವಮಾನ ಮಾಡಿದ್ರೂ?"

"ಹೇಳಬೇಕು ಅಂತ ಎಷ್ಟು ಸಲ ಕೈ ತುರಿಸಿದೆ ಗೊತ್ತಾ! ಕಾಗದ ಬರೆದು ಹರಿದೂ ಹಾಕಿದೆ." ಅವಳು ಡಬ್ಬಿಯಿಂದ ಒಂದನ್ನು ತೆಗೆದು ಧೂಳು ಊದಿದಳು. "ಹೇಳಿದ್ರೆ ನಿನ್ನ ಟೇಪ್ ಯಾರೂ ಮುಟ್ತಿರಲಿಲ್ಲ. ನನ್ನದಂತೂ ಮೊದಲೇ ಯಾರೂ ಮುಟ್ಟಲ್ಲ. ಆ ಹುಡುಗಿಯ ಹಾಡು ಊನವಾದ್ರೂ ಸರಿ, ಊರೂರು ತಿರುಗಲಿ ಅಂತ ಸುಮ್ಮನಾದೆ."

ಕಂಬ ಆ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಪ್ಲೇಯರಿಗೆ ಹಾಕಿದ.

ಹಳೆಯ ಪ್ಲೇಯರು ಕಿರ್ ಎಂದು ತಿರುಗಿತು. ಸದ್ದು ದೂರ, ಮಸುಕು, ಹತ್ತಿರದಲ್ಲಿ ಯಾರೋ ಪಿಸುಗುಟ್ಟುತ್ತಿದ್ದಾರೆ. ಎರಡನೇ ಚರಣ ಮುಗಿಯಿತು. ಡ್ರಮ್ ನಿಂತಿತು. ಕೋಲುಗಳು ಏನಕ್ಕೋ ತಾಗಿ ಉರುಳಿದ ಸದ್ದು. ಡ್ರಮ್ಮರ್ ಕಣ್ಣು ಮುಚ್ಚಿಕೊಂಡ. ಗಿಟಾರು ತಡವರಿಸಿತು, ಅದೂ ನಿಂತಿತು. ಆಮೇಲೆ ಬರಿಯ ಗಂಟಲು, ನಡುಗುತ್ತಾ, ಹಿಂದಿನ ಎರಡು ಚರಣಗಳಿಗಿಂತ ನಿಧಾನವಾಗಿ:

ಹೋದವನೇ, ದಣಿದ ದಿನ ತಿರುಗಿ ಬಾ,
ಚಿಲಕ ಹಾಕಿಲ್ಲ, ದೂಡಿದರೆ ಸಾಕು,
ಬೈದದ್ದು ನನ್ನ ಬಾಯಿ, ನಾನಲ್ಲ,
ನಿನ್ನ —

ಅಲ್ಲಿ ಕೆಮ್ಮು. ಎದೆಯಿಂದ ಕಿತ್ತು ಬಂದಂಥ, ಸ್ಪಷ್ಟವಾದ ಕೆಮ್ಮು. ಅದರ ಹಿಂದೆಯೇ: '— ಇನ್ನೂ ಎತ್ತಿಟ್ಟಿದ್ದೀನಿ.'

ಚಪ್ಪಾಳೆ ಬಿತ್ತು. ಕೆಮ್ಮಕ್ಕ ಪ್ಲೇಯರು ಆರಿಸಿದಳು.

ಡ್ರಮ್ಮರ್ ಅಳುತ್ತಿದ್ದ. ಐವತ್ತು ದಾಟಿದ ಗಂಡಸು, ಗ್ರೀಸಿನ ಕೈಯಲ್ಲಿ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡ. "ಬಾ ಅಂದಿದ್ದಾಳೆ," ಎಂದ. "ಬಾ ಅಂದಿದ್ದಾಳೆ, ನಾನು ಇರಲೇ ಇಲ್ಲ."

"ನೀನು ಬಾಗಿಲ ಹಿಂದೆ ನಿಂತು ಕೇಳಿದೆ ಅಂತ ಅವಳು ಅಂದ್ಕೊಂಡಿರ್ತಾಳೆ ಕಣಪ್ಪ," ಎಂದಳು ಕೆಮ್ಮಕ್ಕ ಮೆಲ್ಲಗೆ. "ಬಾ ಅಂದ್ರೂ ಬರಲಿಲ್ಲ ಅಂತ ಅವಳಿಗೂ ಅಷ್ಟೇ ಸಂಕಟ ಇರುತ್ತೆ."

"ಏನು ಎತ್ತಿಟ್ಟಿದ್ದಾಳೆ? ನನ್ನದು ಏನು? ಅಲ್ಲೇ ಕೆಮ್ಮು ಬಂತಲ್ಲ! ನಿಮಗೆ ಕೇಳಿಸಿರುತ್ತೆ ಅಲ್ವಾ?"

"ಕೆಮ್ಮಿದ್ದು ನನ್ನ ಬಾಯಿ ಕಣಪ್ಪ, ಕಿವಿ ಅಲ್ಲ. ಚೆನ್ನಾಗಿ ಕೇಳಿಸಿತು."

"ಮತ್ತೆ ಹೇಳಿ!"

"ಹೇಳಲ್ಲ." ಅವಳು ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಅವನ ಅಂಗಿಯ ಜೇಬಿಗೆ ತುರುಕಿದಳು. "ಇಟ್ಟುಕೊಂಡವಳನ್ನೇ ಕೇಳು. ಏನು ಎತ್ತಿಟ್ಟಿದ್ದೀಯ ಅಂತ ಕೇಳು. ನಂಬರ್ ಇದೆಯಾ?"

ಡ್ರಮ್ಮರ್ ಕಂಬನ ಕಡೆ ನೋಡಿದ. ಎರಡು ವರ್ಷದಿಂದ ಸಿಗದಿದ್ದ ಮೊದಲ ಮಾತು ಸಿಕ್ಕಿತ್ತು. ಫೋನ್ ತೆಗೆದ. ಒಮ್ಮೆ ತಪ್ಪು ಒತ್ತಿದ, ಮತ್ತೆ ಒತ್ತಿದ.

ರಿಂಗಾಗುವುದು ಮೂವರಿಗೂ ಕೇಳುತ್ತಿತ್ತು. ಕಂಬ ಹಳೆಯ ಅಭ್ಯಾಸಬಲದಿಂದ ಉಸಿರು ಹಿಡಿದು ನೆಟ್ಟಗೆ ನಿಂತುಬಿಟ್ಟ. ಕೆಮ್ಮಕ್ಕ ಎದೆ ಒತ್ತಿಕೊಂಡು ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು, ಮುಖ ಕೆಂಪಗಾಗಿತ್ತು. ಅತ್ತ ಯಾರೋ ಎತ್ತಿದರು.

"ಅಕ್ಕಾ," ಎಂದ ಡ್ರಮ್ಮರ್.

ಕಂಬ ಕೆಮ್ಮಕ್ಕನ ತೋಳು ಹಿಡಿದು ಹೊರಗೆ ಕರೆತಂದು ಬಾಗಿಲು ಮುಂದೆಳೆದ. ಇಂಥದ್ದೊಂದು ಮಾತನ್ನು ಬಿಟ್ಟು ಹೊರಗೆ ಬಂದದ್ದು ಅವನ ಜನ್ಮದಲ್ಲಿ ಇದೇ ಮೊದಲು. ಕೆಮ್ಮಕ್ಕ ಮೆಟ್ಟಿಲಿಳಿದು, ಗೇಟಿನವರೆಗೂ ತಡೆದುಕೊಂಡು ಹೋಗಿ, ಗಿರಣಿಯ ಗೋಡೆಗೆ ಕೈಯೂರಿ ಮನಸಾರೆ ಕೆಮ್ಮಿದಳು. ಓಣಿಯ ತುಂಬ ಸಂಜೆಯ ಬಿಸಿಲಿತ್ತು.

"ಅಕ್ಕಾ, ನನಗಾದ್ರೂ ಹೇಳಿ," ಎಂದ ಕಂಬ, ಕೆಮ್ಮು ನಿಂತ ಮೇಲೆ. "ಆ ಪದ ಏನು?"

"ನನಗೆಲ್ಲಿ ಗೊತ್ತೋ, ಪೆದ್ದ! ಅಷ್ಟು ಜೋರಾಗಿ ಕೆಮ್ಮೋವಾಗ ಯಾರ ಕಿವಿಗೆ ಏನು ಕೇಳುತ್ತೆ?" ಅವಳು ಕಣ್ಣೀರು ಒರೆಸಿಕೊಂಡಳು. "ನೀನೊಬ್ಬನೇ ಅಂಟು ಹಾಕಬೇಕಾ?"

ಕಂಬ ನಗತೊಡಗಿದ. ನಕ್ಕು ನಕ್ಕು ಗೇಟು ಹಿಡಿದುಕೊಂಡ. ಅವಳು ತಟ್ಟನೆ ಅವನ ಕೈ ಮೇಲೆ ಕೈಯಿಟ್ಟಳು. "ಶ್ಶ್."

ಒಳಗಿನಿಂದ ಡ್ರಮ್ಮರನ ದನಿ ಕೇಳುತ್ತಿತ್ತು, "ಅದನ್ನಾ? ಇನ್ನೂ ಇದೆಯಾ?" ಎಂದು ನಗುವೋ ಅಳುವೋ ತಿಳಿಯದ ದನಿ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅತ್ತ ಅವಳು ಏನು ಹೇಳುತ್ತಿದ್ದಾಳೋ, ಹಾಡುತ್ತಿದ್ದಾಳೋ, ಅವರಿಗೆ ಕೇಳಿಸುವಂತಿರಲಿಲ್ಲ. ಕೇಳಿಸಿದ್ದು ಇಷ್ಟೇ: ಕೆಮ್ಮಕ್ಕನ ಮರದ ಮೇಜಿನ ಮೇಲೆ ಎರಡು ಬೆರಳು, ಮೊದಲು ಹಿಂಜರಿಯುತ್ತಾ, ಆಮೇಲೆ ಸರಿಯಾಗಿ, ಆ ಮೂರನೇ ಚರಣದ ನಿಧಾನವಾದ ತಾಳ ಹಿಡಿಯತೊಡಗಿದವು.