ಆನೆಯ ಹೆಸರಿನ ಬೀಗ

ಇರಿಂಜಾಲಕುಡದ ದೇವಸ್ಸಿಕುಟ್ಟಿ ತನ್ನ ಕಲ್ಯಾಣ ಮಂಟಪದ ನೆತ್ತಿಗೆ ಮಿನುಗುವ ಅಕ್ಷರಗಳ ಬೋರ್ಡು ಹಾಕಿಸಿದ ಮೇಲೆ ಎದುರು ಬೇಕರಿಯ ರೋಸಿಲಿಗೆ ನೆಮ್ಮದಿಯಿಲ್ಲ. ಮದುವೆಗೆ ಬಂದವರ ಕಾರುಗಳೆಲ್ಲ ಅವಳ ಬಾಗಿಲಿಗೇ ಅಡ್ಡ.

"ಚೇಟ್ಟಾ, ನನ್ನ ಗಿರಾಕಿಗಳೇನು ಹಾರ್ಕೊಂಡು ಬರ್ಬೇಕಾ?" ಅಣ್ಣನೆಂದು ಕರೆದೇ ಜಗಳ ತೆಗೆದಳು.

"ನಿನ್ನ ಪಫ್ಸ್ ತಿಂದ್ರೆ ಹೊಟ್ಟೆ ಉಬ್ಬಿ ತಾವೇ ಹಾರ್ತಾರೆ ಬಿಡು!"

ಆ ಮಾತು ಅವಳಿಗೆ ನಾಟಿತು. ಅವಳ ಮೊಬೈಲಿನ ವೈಫೈ ಪಟ್ಟಿಯಲ್ಲಿ ಮಂಟಪದ ಬೋರ್ಡಿನ ಹೆಸರೂ ಕಾಣುತ್ತಿತ್ತು; ಒತ್ತಿದರೆ ಪಾಸ್‌ವರ್ಡ್ ಕೇಳಿತು. ಒಂದರಿಂದ ಎಂಟರವರೆಗೆ ಸಾಲಾಗಿ ಒತ್ತಿದಳು. ತೆರೆದೇಬಿಟ್ಟಿತು! ಮರುಗಳಿಗೆ ಅವಳು ಬರೆದ ಸಾಲು ಬೋರ್ಡಿನಲ್ಲಿ ಓಡಿತು: 'ಇಂದಿನ ಬಿರಿಯಾನಿಯಲ್ಲಿ ಕೋಳಿ ಹುಡುಕಬೇಡಿ.'

ದೇವಸ್ಸಿ ಪಾಸ್‌ವರ್ಡ್ ಬದಲಿಸಿ, ಬೇಕರಿಗೇ ಬಂದು ಮೀಸೆ ತಿರುವಿದ. "ಇನ್ನು ಯಾವನ ಕೈಲೂ ಆಗಲ್ಲ ನೋಡು."

ಅಷ್ಟರಲ್ಲಿ ಅವನ ಮೊಬೈಲು ಆನೆಯಂತೆ ಘೀಳಿಟ್ಟಿತು. ಚಿರಕ್ಕಲ್ ಮಾಧವನೆಂಬ ಆನೆಯ ಮೇಲೆ ಅವನಿಗೆ ಪ್ರಾಣ. ಕಾರಿನ ಗಾಜಿನ ಮೇಲೆ ಮಾಧವ, ಕೀಲಿಗೊಂಚಲಿನಲ್ಲಿ ಮಾಧವ. ಅವನು ಹೊರಟದ್ದೇ ತಡ, ರೋಸಿಲಿ ಪಾಸ್‌ವರ್ಡಿನ ಜಾಗದಲ್ಲಿ ಆನೆಯ ಹೆಸರು ಬರೆದು ಮುಂದೆ ಒಂದು ಎರಡು ಮೂರು ಸೇರಿಸಿದಳು. 'ಬೇಕರಿ ಮುಂದೆ ಕಾರು ನಿಲ್ಲಿಸಿದವರಿಗೆ ಪಾಯಸ ಇಲ್ಲ' ಎಂದು ಬೋರ್ಡು ಸಾರಿದ್ದೇ, ಕಾರುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು; ದೇವಸ್ಸಿ ಮರಳುವ ಮೊದಲೇ ಅವಳು ಆ ಸಾಲನ್ನು ಅಳಿಸಿದಳು. ಆ ದಿನವೆಲ್ಲ ಅವಳು ಒಲೆಯ ಮುಂದೆ ಹಾಡು ಗುನುಗಿದಳು.

ಭಾನುವಾರ ಮಾತ್ರ ಅವಳ ಹಾಡು ಅರ್ಧಕ್ಕೇ ನಿಂತಿತು. ಬೋರ್ಡಿನಲ್ಲಿ, 'ಮದುವೆ ರದ್ದು. ವರ ಓಡಿಹೋಗಿದ್ದಾನೆ.'

ಅದು ಅವಳು ಬರೆದದ್ದಲ್ಲ.

ನೆಂಟರ ಕಾರುಗಳು ಬಂದ ದಾರಿಯಲ್ಲೇ ತಿರುಗುತ್ತಿದ್ದವು. ಚರ್ಚಿನಿಂದ ಬಂದಿಳಿದ ವರ, ತಾನು ಓಡಿಹೋದ ಸುದ್ದಿಯನ್ನು ತಾನೇ ಓದುತ್ತ ಬೆಪ್ಪಾಗಿ ನಿಂತ. ವಧುವಿನ ಅಪ್ಪ ದೇವಸ್ಸಿಯ ಕೊರಳಪಟ್ಟಿ ಹಿಡಿದಿದ್ದ. ರೋಸಿಲಿ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿಬಂದು, ತನ್ನ ಮೊಬೈಲಿನಿಂದಲೇ ಅದನ್ನು ಅಳಿಸಿ ವಧೂವರರ ಹೆಸರು ಹಾಕಿದಳು.

ದೇವಸ್ಸಿ ಕಣ್ಣರಳಿಸಿದ. "ನಿಂಗೆ ಹೇಗೆ ಗೊತ್ತು?"

"ಆನೆ ಹೆಸರು ಯಾರಿಗೆ ಗೊತ್ತಿಲ್ಲ ಚೇಟ್ಟಾ? ಕೋಳಿ, ಪಾಯಸ ನಂದೇ. ಇದು ಮಾತ್ರ ನಾನಲ್ಲ, ದೇವಮಾತೆಯಾಣೆ."

ಬೈಯುತ್ತಾನೆಂದುಕೊಂಡಳು. ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. "ರೋಸಿಲಿ... ಬ್ಯಾಂಕಿಗೂ ಮಾಧವನೇ."

"ಅಯ್ಯೋ ದೇವ್ರೇ! ಬ್ಯಾಂಕಿಗೂ?"

"ಎಲ್ಲದಕ್ಕೂ ಅವನೇ."

ಊಟದ ಗದ್ದಲ ಇಳಿದ ಮೇಲೆ ಇಬ್ಬರೂ ಬೇಕರಿಯಲ್ಲಿ ಕುಳಿತು ಮಾಧವನನ್ನು ಒಂದೊಂದೇ ಕಡೆಯಿಂದ ಇಳಿಸಿದರು. ಬೋರ್ಡು ಕೆಡಿಸಿದವರು ಯಾರೋ, ಕೊನೆಗೂ ತಿಳಿಯಲಿಲ್ಲ.

"ಸಂಬಂಧವೇ ಇಲ್ಲದ ನಾಲ್ಕೈದು ಪದ ಜೋಡಿಸಿ. ಒಂದೊಂದು ಕಡೆ ಒಂದೊಂದು ಥರ. ನಂಗೂ ತೋರಿಸ್ಬೇಡಿ," ಎಂದು ಅವಳು ಮುಖ ತಿರುಗಿಸಿ ಕುಳಿತಳು.

ಬೆವರೊರೆಸಿಕೊಳ್ಳುತ್ತ ದೇವಸ್ಸಿ ಕೇಳಿದ, "ಇಷ್ಟೆಲ್ಲ ಬುದ್ಧಿ ಹೇಳ್ತೀಯಲ್ಲ, ನಿನ್ನ ಪಾಸ್‌ವರ್ಡ್ ಏನು?"

ರೋಸಿಲಿಯ ಕಣ್ಣು ಬಾಗಿಲ ಮೇಲಿನ ಫಲಕದತ್ತ ಸರಿಯಿತು. ದೇವಸ್ಸಿಯೂ ಅತ್ತ ನೋಡಿ ಓದಿದ: 'ರೋಸಿಲಿ ಬೇಕರಿ, 1998.'

ಅವನು ನಕ್ಕ ರಭಸಕ್ಕೆ ಗಾಜಿನ ಭರಣಿಗಳು ನಡುಗಿದವು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಮೊಬೈಲನ್ನು ತಡಕಿದಳು.