ಮಣಿಕಟ್ಟಿನವರೆಗಿನ ಸ್ಕೀ

ಆರ್ನ್‌ಫಿನ್ ತನ್ನ ಹೆಂಡತಿಗೆ ಮೂವತ್ತೆಂಟು ವರ್ಷ ತಾನೇ ಸ್ಕೀ ಆರಿಸಿಕೊಟ್ಟಿದ್ದ. ವಿಧಾನ ಸರಳ. ಸಿಗ್ರುನ್ ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆತ್ತಬೇಕು, ಸ್ಕೀಯ ತುದಿ ಮಣಿಕಟ್ಟಿಗೆ ಮುಟ್ಟಬೇಕು. ಮುಟ್ಟಿದರೆ ಅದೇ ಸ್ಕೀ. ಇದನ್ನು ಅವನಿಗೆ ಕಲಿಸಿದ್ದು ಅಪ್ಪ, ಅಪ್ಪನಿಗೆ ಕಲಿಸಿದ್ದು ಅಜ್ಜ. ಹಾಗೆ ಆರಿಸಿದ ಸ್ಕೀಗಳ ಮೇಲೆ ಸಿಗ್ರುನ್ ಪ್ರತಿ ಏರಿನಲ್ಲೂ ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತಿದ್ದಳು. ಆರ್ನ್‌ಫಿನ್ ಮೇಲೆ ನಿಂತು, ತಾಳ್ಮೆಯ ಮೂರ್ತಿಯಾಗಿ, ಮೊಣಕಾಲು ಹೇಗೆ ಬಗ್ಗಿಸಬೇಕೆಂದು ಕೂಗಿ ಹೇಳುತ್ತಿದ್ದ.

ಈ ಫೆಬ್ರವರಿಯಲ್ಲಿ ಸಿಗ್ರುನ್ ಒಬ್ಬಳೇ ಪೇಟೆಗೆ ಹೋಗಿ ಸ್ಕೀ ಕೊಂಡು ತಂದಳು. ಅಂಗಡಿಯ ಹುಡುಗಿ ಎತ್ತರಕ್ಕಿಂತ ಮೊದಲು ತೂಕ ಕೇಳಿದಳಂತೆ. ಸ್ಕೀ ಮಧ್ಯದಲ್ಲಿ ಬಿಲ್ಲಿನಂತೆ ಬಾಗಿರುತ್ತದೆ. ಮೈಭಾರಕ್ಕೆ ಆ ಬಾಗು ಇಳಿದು ಹಿಮ ಮುಟ್ಟಿದರೆ ಮಾತ್ರ ಏರಿನಲ್ಲಿ ಹಿಡಿತ. ಸಿಗ್ರುನ್ ತೂಕ ಐವತ್ತೊಂಬತ್ತು ಕಿಲೋ. ಅವಳ ಹಳೆಯ ಸ್ಕೀ ಎಂಬತ್ತು ಕಿಲೋದವರಿಗೆ ಮಾಡಿದ್ದು. ಅಂದರೆ ಏರಿನಲ್ಲಿ ಹಿಡಿತ ಸಿಗಲೆಂದು ಗಂಡ ಸ್ಕೀಯ ಅಡಿಗೆ ಅಷ್ಟು ಮುತುವರ್ಜಿಯಿಂದ ಹಚ್ಚಿಕೊಡುತ್ತಿದ್ದ ಮೇಣ ಇಷ್ಟು ವರ್ಷ ಹಿಮವನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ.

ಹೊಸ ಸ್ಕೀಗೆ ಮೇಣವೇ ಬೇಕಿರಲಿಲ್ಲ. ಅಡಿಯಲ್ಲಿ ಮೇಕೆಯ ರೋಮದ ಪಟ್ಟಿ ಅಂಟಿಸಿತ್ತು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಆರ್ನ್‌ಫಿನ್ ಅದನ್ನು ತಿರುಗಿಸಿ ನೋಡಿದ.

"ಮೇಣ ಹಚ್ಚೋದೇ ಬೇಡ್ವಾ?"

"ಬೇಡ."

"ಹಾಗಾದ್ರೆ ಸ್ಕೀ ಯಾಕೆ? ಬಸ್ಸಲ್ಲೇ ಹೋಗ್ಬಹುದಲ್ಲ."

"ರಸ್ತೆ ಮಾಡೋಣ ಅಂದ್ರೆ ನೀನೇ ತಾನೆ ಅಡ್ಡ ಬರೋದು?"

ಆ ಮಾತಿನಲ್ಲಿ ವರ್ಷದ ದೊಡ್ಡ ಜಗಳ ಇತ್ತು. ಅವರು ರಜೆ ಕಳೆಯಲು ಹೋಗುವ ಬೆಟ್ಟದಲ್ಲಿ ಇಪ್ಪತ್ತೊಂದು ಮರದ ಮನೆಗಳಿವೆ, ಒಂದು ಅವರದು. ಚಳಿಗಾಲದಲ್ಲಿ ರಸ್ತೆ ಹಿಮದಡಿ ಮುಚ್ಚಿಹೋಗುತ್ತದೆ, ಹದಿಮೂರು ಕಿಲೋಮೀಟರ್ ಸ್ಕೀ ಮೇಲೇ ಹೋಗಬೇಕು. ಯಂತ್ರ ತಂದು ಹಿಮ ತೆಗೆಸಿ ಚಳಿಗಾಲದಲ್ಲೂ ಕಾರು ಬರುವಂತೆ ಮಾಡೋಣ ಎಂದು ಅಲ್ಲಿನ ಪಕ್ಕದ ಮನೆಯ ಯೋಸ್ಟೈನ್ ಪಟ್ಟು ಹಿಡಿದಿದ್ದ. ಈಸ್ಟರ್ ವಾರದ ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ, ಬೆಟ್ಟದ ಮೇಲೆ ಅವನ ಮನೆಯಲ್ಲೇ ಸಭೆ. ಮನೆಗೊಂದು ಮತ, ಹಾಜರಿದ್ದವರಿಗೆ ಮಾತ್ರ. ರಸ್ತೆಯ ಪರ ಹತ್ತು ಮನೆ, ವಿರುದ್ಧ ಹತ್ತು ಮನೆ, ಉಳಿದದ್ದು ಆರ್ನ್‌ಫಿನ್‌ನದು. ಅವನು ಆ ಮನೆಗಳವರ ಸಂಘದ ಪತ್ರಿಕೆಯಲ್ಲಿ ಒಂದೂವರೆ ಪುಟ ಬರೆದಿದ್ದ. ಕೊನೆಯ ಸಾಲು: "ಸ್ಕೀ ಮೇಲೆ ಬರಲಾರದವರು ಮನೆಯಲ್ಲೇ ಇರಲಿ."

ಸಿಗ್ರುನ್‌ಗೆ ಮಾತ್ರ ರಸ್ತೆಯೇ ಇಷ್ಟ. ಬೆನ್ನ ಮೇಲೆ ಆಲೂಗೆಡ್ಡೆ ಹೊತ್ತವಳು ಅವಳು. ಗಂಡ ಹೊತ್ತಿಗೆ ಬಾರದಿದ್ದರೆ ಮನೆಯ ಮತ ಹಾಕುವವಳೂ ಅವಳೇ. ಆದ್ದರಿಂದ ಮೂರು ಗಂಟೆಯೊಳಗೆ ಮೇಲೆ ಮುಟ್ಟುವುದು ಆರ್ನ್‌ಫಿನ್‌ಗೆ ಜೀವನ್ಮರಣದ ಪ್ರಶ್ನೆಯಾಯಿತು.

ಇಂಥ ದಿನಕ್ಕೆ ಯಾವ ಸ್ಕೀ? ಗ್ಯಾರೇಜಿನಲ್ಲಿ ಅವನ ನಾಲ್ಕು ಜೊತೆ ಇದ್ದವು. ಓಟದ ಸ್ಕೀ ತೆಳ್ಳಗಾಯಿತು. ಉಕ್ಕಿನ ಅಂಚಿನ ಅಗಲ ಸ್ಕೀ ಭಾರವಾಯಿತು. ಮಗ ಬಿಟ್ಟುಹೋದದ್ದರ ಬಣ್ಣ ಗುಲಾಬಿಯಾಯಿತು. ಉಳಿದದ್ದು ಅಪ್ಪನ ಮರದ ಸ್ಕೀ. ರಸ್ತೆಯ ವಿರುದ್ಧ ಮತ ಹಾಕಲು ಹೋಗುವವನಿಗೆ ಇದಕ್ಕಿಂತ ಒಪ್ಪುವ ಸ್ಕೀ ಉಂಟೇ! ಎದುರಿಗೆ ಬರುವವರೆಲ್ಲ ನೋಡುತ್ತಾರೆ. ಬೆಟ್ಟದಲ್ಲಿ ಹಿಮ ಹೇಗಿದೆ ಎಂಬ ವಿಷಯ ಈ ಲೆಕ್ಕಾಚಾರದಲ್ಲಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಇಬ್ಬರೂ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದರು. ಆರ್ನ್‌ಫಿನ್ ಉಷ್ಣಮಾಪಕವನ್ನು ಹಿಮಕ್ಕೆ ಚುಚ್ಚಿದ. ಸರಿಯಾಗಿ ಸೊನ್ನೆ ಡಿಗ್ರಿ. ಹಳೆಯ, ಒರಟು ಹಿಮ. ಹಿಮದ ಶಾಖಕ್ಕೆ ತಕ್ಕಂತೆ ಮೇಣದ ಬಣ್ಣ ಬೇರೆ ಬೇರೆ. ಅವನು ನೇರಳೆ ಮೇಣ ಹಚ್ಚಿದ, ಹತ್ತು ಹೆಜ್ಜೆ ನಡೆದ, ಕೆರೆದು ತೆಗೆದ. ಕೆಂಪು ಹಚ್ಚಿದ, ಕೆರೆದ. ಸಿಗ್ರುನ್ ಒಂದು ಕಿತ್ತಳೆ ಸುಲಿದು ತಿಂದು ಮುಗಿಸಿದಳು. ಎರಡನೆಯದನ್ನೂ ಮುಗಿಸಿದಳು.

"ಆಯ್ತಾ?"

"ಮೇಣಕ್ಕೆ ಅವಸರ ಮಾಡಿದ್ರೆ ಆಗಲ್ಲ ಸಿಗ್ರುನ್. ಅದು ಹಿಮದ ಜೊತೆ ಮಾತಾಡೋ ಕಲೆ."

"ನಿಮ್ಮಿಬ್ಬರ ಮಾತು ಮುಗಿಯೋಷ್ಟರಲ್ಲಿ ಸಭೆ ಮುಗಿದಿರುತ್ತೆ. ನಾನು ಹೊರಟೆ."

"ಹೋಗು, ಹೋಗು. ನಾಲ್ಕನೇ ಕಿಲೋಮೀಟರ್‌ನಲ್ಲಿ ಹಿಡೀತೀನಿ."

ಅವಳು ಒಂಬತ್ತು ನಲವತ್ತೈದಕ್ಕೆ ಹೊರಟಳು. ಆರ್ನ್‌ಫಿನ್ ಕೊನೆಗೆ ಟ್ಯೂಬಿನಿಂದ ಹಿಂಡುವ ಅಂಟುಮೇಣ ಹಚ್ಚಿದ. ಬೆಲ್ಲದ ಪಾಕದಂಥ ಅದು ಹಳೆಯ ಹಿಮಕ್ಕೆ ಅಮೋಘ. ಕೈಗೆ, ಗಡ್ಡಕ್ಕೆ, ಕಾರಿನ ಬಾಗಿಲಿಗೆ ಸ್ವಲ್ಪ ಸ್ವಲ್ಪ ತಾಗಿಸಿಕೊಂಡು ಹತ್ತೂವರೆಗೆ ಹೊರಟ.

ಐದು ಕಿಲೋಮೀಟರ್‌ವರೆಗೆ ಆರ್ನ್‌ಫಿನ್ ಹೇಳಿದ್ದೆಲ್ಲ ಸರಿ. ಏರಿನಲ್ಲಿ ಸ್ಕೀ ಉಡದಂತೆ ಹಿಡಿಯಿತು. ಹೆಂಡತಿ ಮಾತ್ರ ಎಲ್ಲೂ ಕಾಣಲಿಲ್ಲ. ಅವಳು ಎಲ್ಲೋ ದಾರಿ ತಪ್ಪಿದ್ದಾಳೆಂದು ಅವನು ಅನುಕಂಪದಿಂದ ಯೋಚಿಸಿದ. ಆಮೇಲೆ ಮರಗಳು ಮುಗಿದವು. ಮೇಲೆ ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು. ಹತ್ತಿಯಂಥ ಹಿಮ, ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಹೊಸ ಹಿಮಕ್ಕೆ ಅಂಟುಮೇಣ ತಾಗಿದರೆ ಏನಾಗುತ್ತದೆಂದು ಆರ್ನ್‌ಫಿನ್ ಜನರಿಗೆ ಎಷ್ಟೋ ಸಲ ಪಾಠ ಹೇಳಿದ್ದ. ಈಗ ಅದೇ ಆಯಿತು. ಹೆಜ್ಜೆಗೊಂದು ಪದರದಂತೆ ಹಿಮ ಸ್ಕೀಯ ಅಡಿಗೆ ಮೆತ್ತಿತು. ಇಪ್ಪತ್ತು ಹೆಜ್ಜೆಯಲ್ಲಿ ಅವನು ಒಂದು ಗೇಣು ಎತ್ತರವಾಗಿದ್ದ.

ಕೆರೆದ. ಚಳಿಗೆ ಗಟ್ಟಿಯಾದ ಅಂಟು ಬರಲಿಲ್ಲ. ಫ್ಲಾಸ್ಕಿನ ಬಿಸಿ ಕಾಫಿ ಸುರಿದ. ಕಾಫಿ ಹೋಯಿತು, ಅಂಟು ಉಳಿಯಿತು. ರೋಮದ ಪಟ್ಟಿಯ ಸ್ಕೀಯಲ್ಲಿ ಬಂದ ವಯಸ್ಸಾದ ದಂಪತಿ ಅವನನ್ನು ದಾಟಿದರು. "ಆಹಾ, ಮರದ ಸ್ಕೀ! ಎಷ್ಟು ಚಂದ!" ಎಂದು ಮುದುಕಿ ಹೊಗಳಿದಳು. ಆರ್ನ್‌ಫಿನ್ ಬೇಕೆಂದೇ ನಿಂತವನಂತೆ ಬೆಟ್ಟದ ಸೊಬಗನ್ನು ನೋಡಿದ. ಅವರು ಮರೆಯಾದ ಮೇಲೆ ಸ್ಕೀಗಳನ್ನು ಹೆಗಲಿಗೇರಿಸಿ ನಡೆದ. ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು. ಗಡಿಯಾರ ಎರಡು ತೋರಿಸಿತು, ಎರಡೂವರೆ ತೋರಿಸಿತು, ಮೂರು ತೋರಿಸಿತು. ಅವನ ಕಣ್ಣಿಗೆ ಕಟ್ಟಿದ್ದು ಒಂದೇ ಚಿತ್ರ: ಯೋಸ್ಟೈನ್ ಮನೆಯಲ್ಲಿ ರಸ್ತೆಗಾಗಿ ಮೇಲೆದ್ದ ಸಿಗ್ರುನ್‌ಳ ಕೈ. ಮಣಿಕಟ್ಟಿನವರೆಗೆ ಸ್ಪಷ್ಟವಾಗಿ.

ಅವನು ಬಾಗಿಲು ನೂಕಿದಾಗ ಮೂರು ಐವತ್ತು. ಜನ ಎದ್ದು ಹೊರಡುತ್ತಿದ್ದರು. ಸಿಗ್ರುನ್ ಒಲೆಯ ಪಕ್ಕ, ಒಣಗಿದ ಕಾಲುಚೀಲದಲ್ಲಿ, ಪತ್ತೇದಾರಿ ಕಾದಂಬರಿಯ ಮಧ್ಯದಲ್ಲಿದ್ದಳು.

"ಬಾರಪ್ಪ ಆರ್ನ್‌ಫಿನ್," ಎಂದ ಯೋಸ್ಟೈನ್. "ನಿನ್ನ ಲೇಖನದ ಕೊನೇ ಸಾಲು ಓದ್ತಾ ಇದ್ವಿ. ಸ್ಕೀ ಮೇಲೆ ಬರಲಾರದವರು... ಮುಂದೇನದು?"

"ಹಿಮ ಬದಲಾಯ್ತು," ಎಂದ ಆರ್ನ್‌ಫಿನ್. "ಮತ?"

"ಹನ್ನೊಂದಕ್ಕೆ ಹತ್ತು. ರಸ್ತೆ ಇಲ್ಲ. ಖುಷೀನಾ?"

ಆರ್ನ್‌ಫಿನ್ ಹೆಂಡತಿಯನ್ನು ನೋಡಿದ. ಅವನ ಮೂವತ್ತೆಂಟು ವರ್ಷದ ಉಪದೇಶ ಕೊನೆಗೂ ಫಲ ಕೊಟ್ಟಿತ್ತು! ಕಣ್ಣು ತೇವವಾಯಿತು.

"ನನ್ನ ಮಾತು ನಿನಗೆ ಅರ್ಥ ಆಯ್ತಲ್ಲ ಸಿಗ್ರುನ್."

"ನಿನ್ನ ಮಾತು ಕೇಳಿಸ್ಲಿಲ್ಲ, ಅದೇ ಕಾರಣ." ಅವಳು ಪುಟ ಮಡಿಸಿದಳು. "ಎರಡು ಮುಕ್ಕಾಲು ಗಂಟೆ ಒಬ್ಬಳೇ ಬಂದೆ. ಒಂದು ಸಲವೂ ಹಿಂದೆ ಜಾರಲಿಲ್ಲ. ಮೊಣಕಾಲು ಬಗ್ಗಿಸು ಅಂತ ಯಾರೂ ಕೂಗಲಿಲ್ಲ. ಮೇಲೆ ಬಂದು ನಿಂತಾಗ ಗಾಳಿ ಸದ್ದು ಬಿಟ್ರೆ ಏನೂ ಇಲ್ಲ. ರಸ್ತೆ ಆದ್ರೆ ನೀನು ಶುಕ್ರವಾರ ಶುಕ್ರವಾರ ಕಾರಲ್ಲಿ ಪಕ್ಕದಲ್ಲೇ ಕೂತು ಬರ್ತೀಯ. ಬೇಡಪ್ಪ."

ಯೋಸ್ಟೈನ್ ನಕ್ಕು ನಕ್ಕು ಮೇಜು ಹಿಡಿದುಕೊಂಡ. ಆರ್ನ್‌ಫಿನ್ ಗೆದ್ದವನ ಗತ್ತಿನಲ್ಲಿ ಕೂತು ಬೂಟು ಬಿಚ್ಚಿದ. ಒಳಗಿನಿಂದ ಅರ್ಧ ಲೋಟ ನೀರು ಬಂತು. ಬದುಕಿರುವಷ್ಟು ಕಾಲ ಹದಿಮೂರು ಕಿಲೋಮೀಟರ್ ಸ್ಕೀ ಮೇಲೇ ಬರುವ ಹಕ್ಕನ್ನು ಅವನು ಗಳಿಸಿದ್ದ. ಸೋಮವಾರ ಇಳಿಯಬೇಕು. ಬರುವ ವರ್ಷ ಮತ್ತೆ ಹತ್ತಬೇಕು.

ಪಕ್ಕದ ತಮ್ಮ ಮನೆಗೆ ಬಂದ ಮೇಲೆ ಅವನು ಗಡ್ಡದ ಅಂಟನ್ನು ಬೆಣ್ಣೆ ಹಚ್ಚಿ ತೆಗೆಯುತ್ತಾ, ಹೆಂಡತಿಯ ಕಡೆ ನೋಡದೆ, ಸಾಧ್ಯವಾದಷ್ಟು ತಗ್ಗಿದ ದನಿಯಲ್ಲಿ ಕೇಳಿದ:

"ಆ ಅಂಗಡೀಲಿ ತೂಕ ಎಲ್ಲರೆದುರೇ ಕೇಳ್ತಾರಾ?"